ಮೋಲ್ಡ್ ಹಾಕುವ ಹಿಂದಿನ ಸಂಜೆ

"ಏನ್ ಮೇಡಂ, ನಮ್ ಮೇಲೆ ನಂಬಿಕೆ ಇಲ್ವಾ?"

ನಮ್ಮ ಮನೆ ಕಟ್ಟಿದ ಮೇಸ್ತ್ರಿ ಈ ಮಾತು ಕೇಳಿ ಮೂರು ವರ್ಷವಾಯಿತು. ಜಗಳದ ದನಿಯಲ್ಲಿ ಕೇಳಿದ್ದಲ್ಲ. ಟೀ ಕುಡಿದ ಲೋಟವನ್ನು ಇಟ್ಟಿಗೆ ರಾಶಿಯ ಮೇಲಿಟ್ಟು, ಟವೆಲಿನಲ್ಲಿ ಬಾಯಿ ಒರೆಸಿಕೊಂಡು ಕೇಳಿದ್ದರು. 'ಮೇಡಂ' ಅಂತ ಶುರು ಮಾಡಿದರೂ ನೋಡಿದ್ದು ನನ್ನ ಗಂಡನ ಮುಖವನ್ನು. ಸೈಟಿನಲ್ಲಿ ನಾನು ಏನೇ ಕೇಳಲಿ, ಉತ್ತರ ಹೋಗುತ್ತಿದ್ದದ್ದು ಅವರಿಗೇ. ಅವರೋ ವಾರವಿಡೀ ಬೆಂಗಳೂರಲ್ಲಿ. ಮೈಸೂರಿಗೆ ಬರುತ್ತಿದ್ದದ್ದು ಶನಿವಾರ ರಾತ್ರಿ. ಹಾಗಾಗಿ ನನ್ನ ಸೋಮವಾರದ ಪ್ರಶ್ನೆಗೆ ಭಾನುವಾರ ಉತ್ತರ. ಇರಲಿ, ಆ ಕಥೆ ಇನ್ನೊಂದು ದಿನಕ್ಕೆ.

ನಾನು ಕೇಳಿದ್ದು ಇಷ್ಟೇ. ಕಂಬಿ ಕಟ್ಟಿ ಮುಗಿದ ಮೇಲೆ, ಮೋಲ್ಡ್ (ಸೂರಿನ ಕಾಂಕ್ರೀಟು) ಹಾಕುವ ಮುಂಚೆ, ಒಂದು ದಿನ ಬಿಡುವು ಕೊಡಿ. ನಮ್ಮ ಸೋದರಮಾವ ಹಾಸನದಿಂದ ಬಂದು ಒಂದ್ಸಲ ನೋಡ್ತಾರೆ. ಅದಕ್ಕೆ ಈ ಮಾತು ಬಂತು. ನಾನು ತಡವರಿಸಿದೆ. "ಅಯ್ಯೋ, ಹಾಗೇನಿಲ್ಲ, ಸುಮ್ನೆ ಒಂದ್ಸಲ..." ಅಂದೆ. ಸುಮ್ನೆ! ಸುಮ್ನೆ ಯಾರಾದರೂ ಹಾಸನದಿಂದ ಬಸ್ಸು ಹತ್ತಿ ಬಂದು ಕಂಬಿ ನೋಡಿಕೊಂಡು ಹೋಗುತ್ತಾರಾ? ಮೇಸ್ತ್ರಿಗೂ ಅದು ಗೊತ್ತು, ನನಗೂ ಗೊತ್ತು.

ನಾನು ಪಿಯುಸಿ ಮಕ್ಕಳಿಗೆ ಲೆಕ್ಕ ಹೇಳಿಕೊಡುವವಳು. ವರ್ಷಕ್ಕೆ ನೂರಾರು ಉತ್ತರ ಪತ್ರಿಕೆ ತಿದ್ದುತ್ತೇನೆ. ಇವತ್ತಿನವರೆಗೆ ಒಂದು ಮಗುವೂ "ಮಿಸ್, ನಮ್ ಮೇಲೆ ನಂಬಿಕೆ ಇಲ್ವಾ, ಯಾಕೆ ತಿದ್ತೀರಾ?" ಅಂತ ಕೇಳಿಲ್ಲ. ತಿದ್ದುವುದು ಅಂದರೆ ಅವಮಾನ ಅಲ್ಲ ಅನ್ನುವುದು ಮಕ್ಕಳಿಗೆ ಗೊತ್ತು. ಅದೇ ಮನೆ ಕಟ್ಟುವ ಜಾಗದಲ್ಲಿ 'ನೋಡ್ತೀನಿ' ಅನ್ನುವ ಮಾತಿಗೆ ಕಳ್ಳನನ್ನು ಹುಡುಕುವ ಅರ್ಥ ಯಾಕೆ ಬಂತು? ಆವತ್ತಿನಿಂದ ಇದು ತಲೆಯಲ್ಲಿ ಕೊರೆಯುತ್ತಲೇ ಇದೆ.

ಬಂದು ನೋಡಿದವರು

ಹಾಗಂತ ನಮ್ಮ ಮನೆಯನ್ನು ಯಾರೂ ನೋಡಲೇ ಇಲ್ಲ ಅಂದರೆ ಸುಳ್ಳಾಗುತ್ತದೆ. 30-40 ಸೈಟು, ಗ್ರೌಂಡು ಮತ್ತು ಒಂದು ಫ್ಲೋರು. ಇಷ್ಟಕ್ಕೆ ಬಂದು ನೋಡಿದವರ ಪಟ್ಟಿ ಸಣ್ಣದಲ್ಲ.

ಮೊದಲು ಬಂದವರು ವಾಸ್ತುವಿನವರು. ಗುದ್ದಲಿ ಪೂಜೆಗೂ ಮುಂಚೆ. ಆಯ ಲೆಕ್ಕ ಹಾಕಿ, ಅಡುಗೆಮನೆ ಗೋಡೆ ಮೂರಿಂಚು ಪಶ್ಚಿಮಕ್ಕೆ ಸರಿಯಬೇಕು ಅಂದರು. ಮೇಸ್ತ್ರಿ ಒಂದು ಮಾತೂ ಆಡದೆ ಸುಣ್ಣದ ಗೆರೆ ಅಳಿಸಿ ಹೊಸ ಗೆರೆ ಎಳೆದರು. ಮೂರೇ ಇಂಚು! ಆಗ ಯಾರೂ "ನಂಬಿಕೆ ಇಲ್ವಾ" ಅಂತ ಕೇಳಲಿಲ್ಲ. ನಮ್ಮ ಮನೆಗೆ ಬಂದ ತಪಾಸಣೆಗಾರರಲ್ಲಿ ಅತ್ಯಂತ ಗೌರವ ಸಿಕ್ಕಿದ್ದು ಅವರಿಗೆ. ದಕ್ಷಿಣೆ, ತಾಂಬೂಲ, ತೆಂಗಿನಕಾಯಿ ಬೇರೆ.

ಆಮೇಲೆ ಪ್ಲಾನ್ ಮಂಜೂರು ಮಾಡಿದ ಕಚೇರಿಯಿಂದ ಒಬ್ಬರು ಬಂದರು. ಪ್ಲಾನಿನಲ್ಲಿ ತೋರಿಸಿದ ಸೆಟ್‌ಬ್ಯಾಕ್, ಅಂದರೆ ಮನೆ ಸುತ್ತ ಖಾಲಿ ಜಾಗ, ಬಿಟ್ಟಿದ್ದೀವಾ ಅಂತ ನೋಡಿದರು. ಮುಂದೆ ಎಷ್ಟು, ಪಕ್ಕದಲ್ಲಿ ಎಷ್ಟು. ಐದು ನಿಮಿಷ. ಅದು ಅವರ ಕೆಲಸ. ತಪ್ಪೇನಿಲ್ಲ. ರಸ್ತೆಗೂ ಪಕ್ಕದ ಮನೆಗೂ ನಾವು ತೊಂದರೆ ಕೊಡುತ್ತಿಲ್ಲ ಅನ್ನುವುದನ್ನು ಅವರು ನೋಡಬೇಕು. ಆದರೆ ಪಿಲ್ಲರಿನ ಒಳಗೆ ಏನಿದೆ ಅನ್ನುವುದು ಸೆಟ್‌ಬ್ಯಾಕಿನ ಟೇಪಿಗೆ ಸಿಗುವುದಿಲ್ಲ.

ಬ್ಯಾಂಕಿನಿಂದ ಬಂದವರು ನಾಲ್ಕು ಸಲ ಬಂದರು. ಪಾಯ, ಲಿಂಟಲ್, ಮೋಲ್ಡು, ಫಿನಿಶಿಂಗ್. ಪ್ರತಿ ಸಲವೂ ಮನೆ ಮುಂದೆ ನಿಂತು ಫೋಟೋ, ನನ್ನನ್ನೂ ನಿಲ್ಲಿಸಿ ಒಂದು ಫೋಟೋ. ಎಷ್ಟು ಪರ್ಸೆಂಟ್ ಕೆಲಸ ಆಗಿದೆ ಅಂತ ಬರೆದುಕೊಂಡು ಹೋಗುತ್ತಿದ್ದರು. ಮೊದಮೊದಲು ನನಗೆ ಸಮಾಧಾನ ಆಗುತ್ತಿತ್ತು. ಇಂಜಿನಿಯರು ಬಂದು ನೋಡಿದರಲ್ಲ, ಇನ್ನೇನು ಅಂತ. ಮೂರನೇ ಸಲ ಹೊಳೆಯಿತು. ಅವರು ನೋಡುತ್ತಿರುವುದು ನಮ್ಮ ಮನೆಯನ್ನಲ್ಲ, ಬ್ಯಾಂಕಿನ ದುಡ್ಡನ್ನು. ಕೊಟ್ಟ ಸಾಲಕ್ಕೆ ತಕ್ಕಷ್ಟು ಗೋಡೆ ಎದ್ದಿದೆಯಾ? ಎದ್ದಿದೆ. ಮುಗಿಯಿತು.

ಕರೆಂಟಿನವರು ಮೀಟರ್ ಬೋರ್ಡು, ಅರ್ಥಿಂಗ್ ನೋಡಿದರು. ನೆಂಟರು ಟೈಲ್ಸ್ ನೋಡಿದರು. ಎಲ್ಲರೂ ಅವರವರಿಗೆ ಬೇಕಾದದ್ದನ್ನು ನೋಡಿದರು. ಕಂಬಿ ನೋಡಬೇಕು ಅಂತ ಯಾರ ಕೆಲಸದ ಪಟ್ಟಿಯಲ್ಲೂ ಬರೆದಿರಲಿಲ್ಲ.

ಬೆಂಗಳೂರಿನ ಗೆಳತಿಯೊಬ್ಬಳು ಹೋದ ವರ್ಷ ಮನೆ ಕಟ್ಟಿಸಿದಳು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಓಸಿ (ಕಟ್ಟಡ ವಾಸಕ್ಕೆ ಯೋಗ್ಯ ಅನ್ನುವ ಪ್ರಮಾಣಪತ್ರ) ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬೇಡಿ ಅಂದಿತಲ್ಲ, ಆ ಗಲಾಟೆಯಲ್ಲಿ ಅವಳ ಮೀಟರು ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಂಡಿತ್ತು. ಆಮೇಲೆ 1200 ಚದರ ಅಡಿಯೊಳಗಿನ ಸೈಟಿನ ಮನೆಗಳಿಗೆ ಸರ್ಕಾರ ವಿನಾಯಿತಿ ಕೊಟ್ಟಾಗ ಫೋನು ಮಾಡಿ ಕುಣಿದಾಡಿದಳು. ನನಗೂ ಖುಷಿಯಾಯಿತು. ಆದರೆ ನೋಡಿ, ಇಷ್ಟೆಲ್ಲ ವಾದ ನಡೆದದ್ದು ಮನೆ ಮುಗಿದ ಮೇಲೆ ಸಿಗುವ ಒಂದು ಕಾಗದದ ಬಗ್ಗೆ. ಮುಗಿದ ಮನೆಯಲ್ಲಿ ನೋಡುವುದಕ್ಕೆ ಉಳಿದಿರುವುದು ಪೇಂಟು ಮಾತ್ರ.

ಅಪ್ಪನ ಪ್ಲಾಸ್ಟಿಕ್ ಕುರ್ಚಿ

ನಮ್ಮಲ್ಲಿ ಯಾವ ಬಡಾವಣೆಗೆ ಹೋದರೂ ಕಟ್ಟುತ್ತಿರುವ ಮನೆ ಮುಂದೆ ಒಂದು ಪ್ಲಾಸ್ಟಿಕ್ ಕುರ್ಚಿ ಇರುತ್ತದೆ. ಅದರ ಮೇಲೆ ರಿಟೈರ್ ಆದ ಒಬ್ಬ ಹಿರಿಯರು. ಪಕ್ಕದಲ್ಲಿ ಛತ್ರಿ, ನೀರಿನ ಬಾಟ್ಲು, ಮಡಚಿದ ಪೇಪರು. ಬೆಳಿಗ್ಗೆ ಸಂಜೆ ಪೈಪು ಹಿಡಿದು ಗೋಡೆಗೆ ನೀರು ಹೊಡೆಯುವುದೂ ಅವರೇ. ನಮ್ಮ ಸೈಟಿನ ಕುರ್ಚಿಯಲ್ಲಿ ನಮ್ಮಪ್ಪ.

ಅಪ್ಪ ಆರು ತಿಂಗಳು ಅಲ್ಲಿ ಕೂತರು. ಎಷ್ಟು ಮೂಟೆ ಸಿಮೆಂಟು ಬಂತು, ಎಷ್ಟು ಖಾಲಿ ಚೀಲ ಉಳಿಯಿತು, ಎಲ್ಲ ನೋಟ್‌ಬುಕ್ಕಿನಲ್ಲಿ. ಇಟ್ಟಿಗೆ ಲೋಡು ಬಂದರೆ ಎರಡು ಇಟ್ಟಿಗೆ ಎತ್ತಿ ಒಂದಕ್ಕೊಂದು ತಟ್ಟುವರು. ಟಣ್ ಅಂದರೆ ಇಳಿಸಿ, ದಬ್ ಅಂದರೆ ವಾಪಸ್. ಕಂಬಿ ತೂಕದ ಲೆಕ್ಕವನ್ನು ನಾನೇ ಹೇಳಿಕೊಟ್ಟೆ. ಕಂಬಿಯ ದಪ್ಪವನ್ನು ಮಿಲಿಮೀಟರಲ್ಲಿ ಹಿಡಿದು, ಅದರ ವರ್ಗವನ್ನು 162ರಿಂದ ಭಾಗಿಸಿದರೆ ಒಂದು ಮೀಟರಿಗೆ ಎಷ್ಟು ಕೆಜಿ ಅಂತ ಸಿಗುತ್ತದೆ. 12 ಎಂಎಂ ಕಂಬಿಗೆ 144ನ್ನು 162ರಿಂದ ಭಾಗಿಸಿ, ಸುಮಾರು 890 ಗ್ರಾಂ. ಅಪ್ಪನಿಗೆ ಇದು ಎಷ್ಟು ಹಿಡಿಸಿತು ಅಂದರೆ, ಲಾರಿಯ ಡ್ರೈವರನ್ನು ಕೂರಿಸಿಕೊಂಡು ಲೆಕ್ಕ ಹೇಳುತ್ತಿದ್ದರು. ಪಾಪ, ಅವನು ವೇಬ್ರಿಡ್ಜ್ ಚೀಟಿ ಹಿಡಿದುಕೊಂಡು ನಿಂತಿರುತ್ತಿದ್ದ.

ಅಪ್ಪ ಕೂತ ಆರು ತಿಂಗಳಲ್ಲಿ ಒಂದು ಮೂಟೆ ಸಿಮೆಂಟೂ ಹೊರಗೆ ಹೋಗಲಿಲ್ಲ. ಅದರಲ್ಲಿ ನನಗೆ ಅನುಮಾನವೇ ಇಲ್ಲ. ಆದರೆ ಮುಂದೆ ಹೇಳುವ ಬಾಲ್ಕನಿ ಕಂಬಿಯ ವಿಷಯ ನಡೆದದ್ದು ಅದೇ ಕುರ್ಚಿಯಿಂದ ಒಂದು ಮಹಡಿ ಮೇಲೆ. ಕಾವಲು ಕಾಯುವುದು ಬೇರೆ, ಕೆಲಸ ನೋಡುವುದು ಬೇರೆ. ನಾವು ಎರಡನ್ನೂ ಒಂದೇ ಅಂದುಕೊಂಡಿದ್ದೆವು. ಸಾಮಾನು ಸೈಟಿನೊಳಗೆ ಇದೆಯಾ ಅಂತ ಅಪ್ಪ ನೋಡಿದರು. ಅದು ಇರಬೇಕಾದ ಜಾಗದಲ್ಲಿ ಇದೆಯಾ ಅಂತ ನೋಡಲು ಅವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಒಂದು ದಿನದ ಬೆಲೆ

'ನಂಬಿಕೆ ಇಲ್ವಾ' ಅಂದ ಭಾನುವಾರದ ನಂತರ ಎರಡು ದಿನ ಸೈಟಿನಲ್ಲಿ ಮಾತು ಕಮ್ಮಿ. ಬುಧವಾರ ಕಾಲೇಜು ಮುಗಿಸಿ ಹೋದಾಗ ಮೇಸ್ತ್ರಿ ಒಬ್ಬರೇ ಇದ್ದರು, ಸೆಂಟ್ರಿಂಗ್ (ಕಾಂಕ್ರೀಟು ಗಟ್ಟಿಯಾಗುವವರೆಗೆ ಅದನ್ನು ಹೊರುವ ಶೀಟುಗಳ ತಟ್ಟು) ಕೆಳಗೆ ಆನಿಕೆ ಕೊಟ್ಟ ಜಾಕ್ ನೋಡುತ್ತಿದ್ದರು. ನಾನೇ ಹೋಗಿ ಕೇಳಿದೆ, "ಒಂದು ದಿನ ಬಿಟ್ರೆ ನಿಮಗೇನು ತೊಂದರೆ ಆಗುತ್ತೆ, ನಿಜವಾಗ್ಲೂ ಹೇಳಿ" ಅಂತ.

ಅವರು ಬೆರಳು ಮಡಚುತ್ತಾ ಹೇಳಿದರು. ಸೆಂಟ್ರಿಂಗ್ ಶೀಟಿಗೆ ಬಾಡಿಗೆ. ಜಾಕಿಗೆ ಬಾಡಿಗೆ. ಮೋಲ್ಡ್ ಗ್ಯಾಂಗು ಆಮೇಲೆ ಬೇರೆ ಕಡೆ ಹೋದರೆ ನಾಲ್ಕು ದಿನ ಸಿಗಲ್ಲ. ಕಂಬಿ ಕಟ್ಟುವ ಯಾದಗಿರಿ ಹುಡುಗರು ಕೆಲಸ ಮುಗಿದ ತಕ್ಷಣ ಇನ್ನೊಂದು ಸೈಟಿಗೆ ಹೋಗುತ್ತಾರೆ. ನಿಮ್ಮ ಮಾವ ಬಂದು ಏನಾದರೂ ಬದಲಾಯಿಸಿ ಅಂದರೆ ಯಾರು ಬದಲಾಯಿಸುತ್ತಾರೆ? ಅವರನ್ನು ಇಟ್ಟುಕೊಂಡರೆ ಅವರ ಕೂಲಿ. ನಾವು ಮೇಸ್ತ್ರಿಗೆ ಕೊಟ್ಟಿದ್ದು ಚದರ ಅಡಿ ಲೆಕ್ಕದ ಲೇಬರ್ ಕಾಂಟ್ರಾಕ್ಟು. ಸುಮ್ಮನೆ ಹೋದ ಒಂದೊಂದು ದಿನವೂ ಅವರ ಜೇಬಿನಿಂದ ಹೋಗುವಂಥದ್ದು. ನಮ್ಮ ಅಗ್ರಿಮೆಂಟಿನಲ್ಲಿ ಮಾರ್ಬಲ್ ಕಟಿಂಗಿನ ರೇಟೂ ಇತ್ತು. ನೋಡುವುದಕ್ಕೆ ಒಂದು ದಿನ ಅಂತ ಎಲ್ಲೂ ಇರಲಿಲ್ಲ.

ನನಗೆ ಒಂಥರಾ ನಾಚಿಕೆಯಾಯಿತು. ಮೂರು ದಿನದಿಂದ ನಾನು ಅವರ ಮಾತನ್ನು ಮಾನದ ಪ್ರಶ್ನೆ ಅಂದುಕೊಂಡು ಒದ್ದಾಡುತ್ತಿದ್ದೆ. ಸ್ವಲ್ಪ ಅದೂ ಇತ್ತು, ಇಲ್ಲ ಅನ್ನಲ್ಲ. ಜಾಸ್ತಿ ಇದ್ದದ್ದು ಬಾಡಿಗೆಯ ಲೆಕ್ಕ. ದುಡ್ಡು ಕೇಳಲು ಸಂಕೋಚ ಆದಾಗ ನಮ್ಮ ಜನ ನಂಬಿಕೆಯ ಮಾತು ತೆಗೆಯುತ್ತಾರೆ. ನಾನೂ ತೆಗೆದಿದ್ದೇನೆ. ಇಬ್ಬರು ಹುಡುಗರ ಒಂದು ದಿನದ ಕೂಲಿ, ಶೀಟು ಮತ್ತು ಜಾಕಿನ ಒಂದು ದಿನದ ಬಾಡಿಗೆ ನಾವು ಕೊಡ್ತೀವಿ ಅಂದೆ. ಮೇಸ್ತ್ರಿ ನನ್ನ ಮುಖ ನೋಡಿಕೊಂಡೇ ಹೇಳಿದರು, "ಹಾಗಾದ್ರೆ ಶನಿವಾರ ಸಂಜೆ ಬರಕ್ಕೇಳಿ ಮೇಡಂ. ಭಾನುವಾರ ಬೆಳಿಗ್ಗೆ ಹಾಕಣ."

ಚಪ್ಪಲಿ

ಮಾವ ಲೋಕೋಪಯೋಗಿ ಇಲಾಖೆಯಲ್ಲಿದ್ದವರು. ಸೇತುವೆ, ಶಾಲೆ ಕಟ್ಟಡ ಅಂತ ಓಡಾಡಿ ರಿಟೈರ್ ಆದವರು. ಶನಿವಾರ ಐದು ಗಂಟೆಗೆ ಬಂದರು. ಕೈಯಲ್ಲಿ ಒಂದು ಬಟ್ಟೆ ಚೀಲ. ಅದರೊಳಗೆ ಸ್ಟೀಲ್ ಟೇಪು, ಟಾರ್ಚು, ಚಾಕ್‌ಪೀಸು, ಮತ್ತು ಐಎಸ್ 456ರ ಜೆರಾಕ್ಸು. ಕಾಂಕ್ರೀಟಿನ ಕೆಲಸಕ್ಕೆ ದೇಶಕ್ಕೆಲ್ಲ ಇರುವ ನಿಯಮದ ಪುಸ್ತಕ ಅದು, 2000ನೇ ಇಸವಿಯ ಆವೃತ್ತಿ. ಮಾವನ ಪ್ರತಿಯ ಮೂಲೆಗಳು ಹಳೇ ಪಂಚಾಂಗದ ಹಾಗೆ ಮಡಚಿಹೋಗಿದ್ದವು. ಗೇಟಿನಲ್ಲಿ ಅಪ್ಪನನ್ನು ನೋಡಿ, "ಏನ್ ಭಾವ, ಆರು ತಿಂಗಳಿಂದ ಕುರ್ಚಿ ಬಿಟ್ಟು ಎದ್ದೇ ಇಲ್ವಂತೆ?" ಅಂತ ಛೇಡಿಸಿದರು. ಅಪ್ಪ ನೋಟ್‌ಬುಕ್ ತೋರಿಸಿದರು. ಮಾವ ಗಂಭೀರವಾಗಿ ಎರಡು ಪುಟ ತಿರುವಿ ನೋಡಿ, ಸರಿ ಅಂದು, ಏಣಿ ಹತ್ತಿದರು.

ಸೆಂಟ್ರಿಂಗ್ ಮೇಲೆ ಚೌಕ ಚೌಕವಾಗಿ ಕಂಬಿ. ಸಂಜೆ ಬಿಸಿಲಿಗೆ ಚೆನ್ನಾಗಿಯೇ ಕಾಣುತ್ತಿತ್ತು. ನಾನು ಫೋಟೋ ತೆಗೆದು ಸ್ಟೇಟಸ್ಸಿಗೂ ಹಾಕಿದ್ದೆ. ಮಾವ ನಿಂತು ನೋಡಲಿಲ್ಲ. ಕುಕ್ಕರಗಾಲಲ್ಲಿ ಕೂತು, ಟಾರ್ಚು ಅಡ್ಡಡ್ಡ ಹಿಡಿದು, ಕಂಬಿಯ ಕೆಳಗೆ ಬೆಳಕು ಬಿಟ್ಟರು. ಮೊದಲು ಕಂಡದ್ದು ಜಲ್ಲಿ ಕಲ್ಲು. ಕಂಬಿಯನ್ನು ಶೀಟಿನಿಂದ ಮೇಲೆ ಎತ್ತಿ ಹಿಡಿಯಲು ಕವರ್ ಬ್ಲಾಕ್ ಇಡುತ್ತಾರಲ್ಲ, ಕೆಲವು ಕಡೆ ಅದರ ಬದಲು ಜಲ್ಲಿ ಸಿಕ್ಕಿಸಿದ್ದರು. "ಕಾಂಕ್ರೀಟು ಬಿದ್ದ ತಕ್ಷಣ ಇದು ಜಾರಿಬಿಡುತ್ತೆ ಕಣಮ್ಮ, ಕಂಬಿ ಶೀಟಿಗೆ ಅಂಟುತ್ತೆ" ಅಂದರು. ಮೋಲ್ಡಿನಲ್ಲಿ ಕಂಬಿಯ ಹೊರಗೆ 20 ಎಂಎಂ ಕಾಂಕ್ರೀಟು ಇರಬೇಕು. ಪಿಲ್ಲರಿಗೆ 40, ಪಾಯದ ಫುಟಿಂಗಿಗೆ 50. ಅದಿಲ್ಲದಿದ್ದರೆ ತೇವ ಕಂಬಿಗೆ ತಲುಪುತ್ತದೆ, ತುಕ್ಕು ಹಿಡಿಯುತ್ತದೆ, ತುಕ್ಕು ಉಬ್ಬಿ ಸೂರಿನ ಸಿಮೆಂಟು ಹಪ್ಪಳದ ಹಾಗೆ ಉದುರುತ್ತದೆ. ಹಳೇ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಬೆಳೆದವರಿಗೆ ಈ ಸೂರು ಗೊತ್ತಿರುತ್ತದೆ. ಹುಡುಗರು ಜಲ್ಲಿ ತೆಗೆದು ಬ್ಲಾಕ್ ಇಟ್ಟರು. ಇಪ್ಪತ್ತು ನಿಮಿಷದ ಕೆಲಸ.

ಆಮೇಲೆ ಮಾವ ಬಾಲ್ಕನಿಗೆ ಹೋದರು. ಮೂರೂವರೆ ಅಡಿ ಹೊರಗೆ ಚಾಚಿದ ಬಾಲ್ಕನಿ, ಕೆಳಗೆ ಕಂಬವಿಲ್ಲ. ಅಲ್ಲಿ ಕೂತವರು ಏಳಲೇ ಇಲ್ಲ. ಟೇಪು ಇಳಿಬಿಟ್ಟರು, ತೆಗೆದರು, ಇನ್ನೊಂದು ಕಡೆ ಇಳಿಬಿಟ್ಟರು.

"ಮೇಸ್ತ್ರಿಗಳೇ, ಈ ಮೇಲಿನ ಕಂಬಿ ಯಾಕ್ರೀ ಇಷ್ಟು ಕೆಳಗಿದೆ?"

ಐದಿಂಚಿನ ಮೋಲ್ಡು. ಆ ಕಂಬಿ ಶೀಟಿನಿಂದ ನಾಲ್ಕಿಂಚು ಮೇಲಿರಬೇಕು. ಟೇಪು ತೋರಿಸಿದ್ದು ಎರಡೂ ಚಿಲ್ಲರೆ.

"ಸಾರ್, ಇಪ್ಪತ್ತೆರಡು ವರ್ಷದಿಂದ ಮೋಲ್ಡ್ ಹಾಕ್ತಿದೀನಿ. ಒಂದೂ ಬಿದ್ದಿಲ್ಲ."

ಮಾವ ಸಿಟ್ಟಾಗಲಿಲ್ಲ. ಏಣಿಯ ಹತ್ತಿರ ಅಪ್ಪ ಬಿಟ್ಟಿದ್ದ ಹವಾಯಿ ಚಪ್ಪಲಿ ಇತ್ತು. ಸವೆದು, ಅಂಗಾಲಿನ ಜಾಗದಲ್ಲಿ ಅಡ್ಡಕ್ಕೆ ಬಿರುಕು ಬಿಟ್ಟದ್ದು. ಅದನ್ನು ತಂದು, ಹಿಮ್ಮಡಿ ಕಡೆಯನ್ನು ಪಿಲ್ಲರಿನ ಮೇಲೆ ಅಂಗೈಯಲ್ಲಿ ಒತ್ತಿ ಹಿಡಿದರು. ಮುಂದಿನ ಅರ್ಧ ಹೊರಗೆ ಚಾಚಿತ್ತು. ತುದಿಯನ್ನು ಹೆಬ್ಬೆರಳಲ್ಲಿ ಕೆಳಗೆ ಒತ್ತಿದರು. ಮೇಲಿನ ಬಿರುಕು ಬಾಯಿ ತೆರೆಯಿತು. ಬಿಟ್ಟರು, ಮುಚ್ಚಿತು. ಒತ್ತಿದರು, ತೆರೆಯಿತು.

"ಇದೇ ಬಾಲ್ಕನಿ. ಜನ ನಿಂತ್ರೆ ಮೇಲ್ಗಡೆ ಹರಿಯೋಕೆ ನೋಡುತ್ತೆ. ಕಾಂಕ್ರೀಟು ಒತ್ತಿದ್ರೆ ತಡ್ಕೊಳ್ಳುತ್ತೆ, ಎಳೆದ್ರೆ ತಡ್ಕೊಳ್ಳಲ್ಲ. ಅದಕ್ಕೆ ಅಲ್ಲಿ ಹೊಲಿಗೆ ಹಾಕ್ಬೇಕು. ನೀವು ಹೊಲಿಗೆ ಹಾಕಿದೀರಿ, ಹರಿಯೋ ಜಾಗದಲ್ಲಿ ಅಲ್ಲ ಅಷ್ಟೇ."

ರೂಮಿನ ಮೋಲ್ಡಿಗೆ ಇದು ತಿರುಗುಮುರುಗು. ನಾಲ್ಕೂ ಕಡೆ ಆಧಾರ ಇರುವುದರಿಂದ ನಡುವೆ ಜಗ್ಗುತ್ತದೆ, ಕೆಳಗಡೆ ಹರಿಯುತ್ತದೆ, ಅಲ್ಲಿ ಕಂಬಿ ಕೆಳಗೇ ಬೇಕು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಕಂಬಿ ನಾಲ್ಕರಿಂದ ಎರಡಕ್ಕೆ ಇಳಿದರೆ ಬಾಲ್ಕನಿ ಹೊರುವ ತಾಕತ್ತು ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಅಷ್ಟೇ ಕಂಬಿ, ಅಷ್ಟೇ ದುಡ್ಡು, ಅಪ್ಪನ ನೋಟ್‌ಬುಕ್ಕಿನಲ್ಲಿ ಅಷ್ಟೇ ತೂಕ.

ಮೇಸ್ತ್ರಿ ಸುಮ್ಮನಾದರು. ಯಾದಗಿರಿ ಹುಡುಗರಲ್ಲಿ ದೊಡ್ಡವನು ಮಾತ್ರ ತಡೆಯಲಿಲ್ಲ. "ಅಕ್ಕಾರ, ನಾವು ನಿನ್ನೆ ಚಲೋ ಕಟ್ಟಿದ್ವಿರಿ. ಮೇಸ್ತ್ರೀನೂ ನೋಡ್ಯಾರ. ಇವತ್ತ ಕರೆಂಟಿನವ್ರು ಪೈಪ್ ಹಾಕಾಕ ಬಂದು ತುಳದಾರ್ರಿ" ಅಂದ.

ನಿಜ ಅದೇ ಆಗಿತ್ತು. ಶುಕ್ರವಾರ ಬಾಲ್ಕನಿಯ ಕಂಬಿ ಸರಿಯಾಗಿತ್ತು. ಶನಿವಾರ ಬೆಳಿಗ್ಗೆ ಎಲೆಕ್ಟ್ರಿಷಿಯನ್ ಹುಡುಗರು ಫ್ಯಾನ್ ಬಾಕ್ಸು, ಪೈಪು ಅಂತ ಅದರ ಮೇಲೆ ಓಡಾಡಿದ್ದರು. ಬಾಲ್ಕನಿಯ ತುದಿಗೆ ಒಂದು ಲೈಟ್ ಪಾಯಿಂಟ್ ಬೇಕು ಅಂತ ಹಟ ಹಿಡಿದವಳು ನಾನೇ. ಆ ಪಾಯಿಂಟಿಗೆ ಹೋದ ಕಾಲುಗಳು ತೆಳ್ಳಗಿನ ಚೇರ್‌ಗಳನ್ನು ಮಲಗಿಸಿಬಿಟ್ಟಿದ್ದವು. ಚೇರ್ ಅಂದರೆ ಮೇಲಿನ ಕಂಬಿಯನ್ನು ಎತ್ತಿ ಹಿಡಿಯಲು ಕಂಬಿ ತುಂಡಿನಲ್ಲೇ ಮಾಡಿದ ಪುಟ್ಟ ಸ್ಟೂಲು. ಯಾರೂ ಮೋಸ ಮಾಡಿರಲಿಲ್ಲ. ಯಾರೂ ಕದ್ದಿರಲಿಲ್ಲ. ಎಲ್ಲರೂ ತಮ್ಮ ತಮ್ಮ ಕೆಲಸ ನೆಟ್ಟಗೆ ಮಾಡಿದ್ದರು. ಶುಕ್ರವಾರವೇ ಬಂದು ನೋಡಿದ್ದರೆ ಮಾವನೂ ಬಾಲ್ಕನಿ ಸರಿಯಿದೆ ಅಂತಲೇ ಹೇಳಿ ಹೋಗುತ್ತಿದ್ದರು.

ಹ್ಯಾಲೋಜನ್ ಲೈಟು ಎಳೆದರು. ಹತ್ತು ಎಂಎಂ ಕಂಬಿಯ ತುಂಡುಗಳನ್ನು ಬಗ್ಗಿಸಿ ಗಟ್ಟಿ ಚೇರ್ ಮಾಡಿದರು. ಅಪ್ಪ ಕೆಳಗೆ ನಿಂತು ಎಣಿಸಿದರು, ಮೂವತ್ತನಾಲ್ಕು. ಮಾವ ಕೂತಲ್ಲೇ ಕೂತು ಬಾಲ್ಕನಿ ಕಂಬಿ ಒಳಗಿನ ಮೋಲ್ಡಿಗೆ ಎಷ್ಟು ದೂರ ಹೋಗಿದೆ ಅಂತಲೂ ಅಳೆದರು. "ಹೊರಗೆ ಚಾಚಿದಷ್ಟಾದ್ರೂ ಒಳಗೆ ಹೋಗ್ಬೇಕು, ಇಲ್ದಿದ್ರೆ ಹಲ್ಲು ಕಿತ್ತ ಹಾಗೆ ಬರುತ್ತೆ" ಅಂತ ಅವರ ಮಾತು. ಅದು ಸರಿಯಿತ್ತು. ಒಂಬತ್ತೂವರೆಗೆ ಎಲ್ಲರೂ ಕೆಳಗಿಳಿದರು. ಬಾಲ್ಕನಿಗೆ ಅಡ್ಡವಾಗಿ ಹಗ್ಗ ಕಟ್ಟಿ, ಬೆಳಿಗ್ಗೆ ಕಾಂಕ್ರೀಟು ಹಾಕುವವರು ಓಡಾಡಲು ಹಲಗೆ ಹಾಸಿ, ಮೇಸ್ತ್ರಿ ಕೊನೆಗೆ ಇಳಿದರು.

ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಹೋದರಲ್ಲ, ಟಿವಿಯಲ್ಲಿ ನೋಡಿದ ಆ ಚಪ್ಪಡಿಗಳು ಕಣ್ಣ ಮುಂದೆ ಬರುತ್ತಿದ್ದವು. ನಮ್ಮದು ಪುಟ್ಟ ಬಾಲ್ಕನಿ, ಅದಕ್ಕೂ ಇದಕ್ಕೂ ಹೋಲಿಕೆ ಮಾಡಬಾರದು. ಆದರೂ ಬರುತ್ತಿದ್ದವು.

ಆರಿಂಚಿನ ಅಚ್ಚು

ಭಾನುವಾರದ ಸಂಭ್ರಮ ಗೊತ್ತಲ್ಲ. ತೆಂಗಿನಕಾಯಿ, ನಿಂಬೆಹಣ್ಣು, ಮಿಕ್ಸರಿಗೆ ಅರಿಶಿನ ಕುಂಕುಮ. ಮಧ್ಯಾಹ್ನಕ್ಕೆ ಗ್ಯಾಂಗಿಗೆ ಬಾಡೂಟ. ಮಾವ ಮಿಕ್ಸರ್ ಪಕ್ಕದಲ್ಲಿ ನಿಂತು ನೋಡಿದ್ದು ಒಂದನ್ನೇ, ನೀರು. ತೆಳ್ಳಗಿದ್ದರೆ ಬಾಂಡ್ಲಿಯಿಂದ ಸಲೀಸಾಗಿ ಜಾರುತ್ತದೆ, ಹೊರುವವರ ಕೈಗೂ ಸುಖ. ಕೈ ತಂತಾನೇ ಇನ್ನೊಂದು ಚೊಂಬು ಸುರಿಯುತ್ತದೆ. ನಾವು ಹಾಕುತ್ತಿದ್ದದ್ದು ಎಂ20, ಅಂದರೆ 28 ದಿನಕ್ಕೆ ಚದರ ಮಿಲಿಮೀಟರಿಗೆ 20 ನ್ಯೂಟನ್ ಒತ್ತಡ ತಡೆಯಬೇಕಾದ ಕಾಂಕ್ರೀಟು. ಆ ಜೆರಾಕ್ಸಿನ ಪ್ರಕಾರ 50 ಕೆಜಿ ಮೂಟೆಗೆ ನೀರು 30 ಲೀಟರ್ ದಾಟಬಾರದು. ಮಾವ ಒಂದು ಬಕೆಟ್ಟಿಗೆ ಚಾಕ್‌ಪೀಸಲ್ಲಿ ಗೆರೆ ಎಳೆದು ಕೊಟ್ಟರು. ಹತ್ತು ಗಂಟೆ ಹೊತ್ತಿಗೆ ಗೆರೆ ಅಳಿಸಿಹೋಗಿತ್ತು. ಮತ್ತೆ ಎಳೆದರು.

ಕಾಂಕ್ರೀಟಿನ ಗಟ್ಟಿತನ ಪರೀಕ್ಷಿಸಲು ಕ್ಯೂಬ್ ತೆಗೆಯಬೇಕಿತ್ತು, ಅದಕ್ಕೆ ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಿಂದ ಆರು ಕಬ್ಬಿಣದ ಅಚ್ಚು ತಂದಿದ್ದೆ. "ಇದೇನ್ ಮೇಡಂ, ಕೇಕ್ ಮಾಡ್ತೀರಾ?" ಅಂತ ಒಬ್ಬ ನಕ್ಕ. ಆರಿಂಚು ಉದ್ದ, ಅಗಲ, ಎತ್ತರ. ಒಂದೊಂದು ಕ್ಯೂಬು ಎಂಟು ಕೆಜಿ. ಏಳನೇ ದಿನಕ್ಕೆ ಮೂರು, 28ನೇ ದಿನಕ್ಕೆ ಮೂರು. ಒದ್ದೆ ಗೋಣಿಚೀಲದಲ್ಲಿ ಸುತ್ತಿ ಸ್ಕೂಟಿಯ ಕಾಲಿಡುವ ಜಾಗದಲ್ಲಿಟ್ಟುಕೊಂಡು ಲ್ಯಾಬಿಗೆ ಹೋದೆ. ಮೆಷಿನ್ನು ಕ್ಯೂಬನ್ನು ಮೆಲ್ಲಗೆ ಅದುಮುತ್ತದೆ. ಎಂ20 ಅಂದರೆ ಅಂಗೈ ಅಗಲದ ಆ ಕಲ್ಲು ಸುಮಾರು 45 ಟನ್ ತಡೆಯಬೇಕು. ಮುಳ್ಳು ಏರುವಾಗ ಎಸ್ಸೆಸ್ಸೆಲ್ಸಿ ರಿಸಲ್ಟಿಗೆ ಕಾದ ಹಾಗಿತ್ತು. 28ನೇ ದಿನ ಸರಾಸರಿ 24 ಬಂತು, 20 ಬಂದಿದ್ದರೆ ಸಾಕಿತ್ತು. ಚೀಟಿಯನ್ನು ದೇವರ ಮುಂದಿಟ್ಟೆ.

ಆದರೆ ಆ ಹೊತ್ತಿಗೆ ಮೋಲ್ಡ್ ಮೇಲೆ ಮೊದಲನೇ ಫ್ಲೋರಿನ ಗೋಡೆ ಎದೆಮಟ್ಟ ಎದ್ದಿತ್ತು. 14 ಬಂದಿದ್ದರೆ ನಾನೇನು ಮಾಡುತ್ತಿದ್ದೆ? ಒಡೆಸುತ್ತಿದ್ದೆನಾ? ಬಹುಶಃ ಚೀಟಿಯನ್ನು ದೇವರ ಮುಂದಿಡುವ ಬದಲು ಬೀರುವಿನಲ್ಲಿ ಇಡುತ್ತಿದ್ದೆ, ಅಷ್ಟೇ. ಕ್ಯೂಬಿನ ಚೀಟಿ ಬೇಡ ಅನ್ನುತ್ತಿಲ್ಲ. ಒಂದನ್ನು ಆರಿಸಿಕೋ ಅಂದರೆ ಶನಿವಾರ ಸಂಜೆಯ ಟಾರ್ಚನ್ನೇ ಆರಿಸಿಕೊಳ್ಳುತ್ತೇನೆ.

ಬಾತ್‌ರೂಮಿನದೂ ಅದೇ ಕಥೆ, ಸ್ವಲ್ಪ ಚಿಕ್ಕದಾಗಿ. ಟೈಲ್ಸಿಗೆ ಮುಂಚೆ, ವಾಟರ್‌ಪ್ರೂಫಿಂಗ್ ಆದ ಮೇಲೆ, ನೆಲದ ಗುಂಡಿಯಲ್ಲಿ ಎರಡು ದಿನ ನೀರು ನಿಲ್ಲಿಸಿದೆವು. ಪೆನ್ಸಿಲಿನಲ್ಲಿ ಗುರುತು ಹಾಕಿದ್ದೆ. ಅರ್ಧ ಇಂಚು ಇಳಿಯಿತು. ಪ್ಲಂಬರ್ ಆರಿಹೋಗಿದೆ ಅಂದ, ಬೇಸಿಗೆ ಅಲ್ವಾ. ಮಾವನಿಗೆ ಫೋನು ಮಾಡಿದೆ. "ಪಕ್ಕದಲ್ಲಿ ಒಂದು ಟಬ್ಬಲ್ಲಿ ನೀರಿಟ್ಟು ಅದಕ್ಕೂ ಗುರುತು ಹಾಕು. ಎರಡೂ ಒಂದೇ ಸಮ ಇಳಿದ್ರೆ ಬಿಸಿಲು, ಇಲ್ಲಾಂದ್ರೆ ತೂತು" ಅಂದರು. ಟಬ್ಬು ಕೂದಲೆಳೆಯಷ್ಟು ಇಳಿಯಿತು, ನೆಲ ಮತ್ತೆ ಅರ್ಧ ಇಂಚು. ನೆಲದ ನೀರು ಹೊರಹೋಗುವ ನಾನಿ ಟ್ರ್ಯಾಪ್ ಸುತ್ತ ಸೋರುತ್ತಿತ್ತು. ಆವತ್ತು ಸರಿಮಾಡಲು ಒಂದು ಮಧ್ಯಾಹ್ನ ಹಿಡಿಯಿತು. ಟೈಲ್ಸ್ ಆದ ಮೇಲಾಗಿದ್ದರೆ ಕೆಳಗಿನ ಹಾಲಿನ ಸೀಲಿಂಗಿನಲ್ಲಿ ಕಂದು ಬಣ್ಣದ ಭೂಪಟ.

ಮೊದಲನೇ ಫ್ಲೋರಿನ ಮೋಲ್ಡಿಗೆ ಮಾವ ಬರಲಾಗಲಿಲ್ಲ, ಕಾಲು ನೋವಿತ್ತು. ವಿಡಿಯೋ ಕಾಲಿನಲ್ಲಿ ನೋಡಿದರು. ಟಾರ್ಚು ಅಡ್ಡಡ್ಡ ಹಿಡಿದು ಕುಕ್ಕರಗಾಲಲ್ಲಿ ಕೂತದ್ದು ನಾನು. ಮೇಸ್ತ್ರಿ ಒಂದು ದಿನದ ಬಾಡಿಗೆಯನ್ನು ತಾವೇ ಲೆಕ್ಕಕ್ಕೆ ಸೇರಿಸಿ ಮೊದಲೇ ಹೇಳಿದ್ದರು. ಎಲೆಕ್ಟ್ರಿಷಿಯನ್ ಹುಡುಗರಿಗೆ ಹಲಗೆ ಹಾಕಿಕೊಟ್ಟಿದ್ದರು. ಆದರೂ ಎರಡು ಚೇರ್ ಮಲಗಿದ್ದವು.

ಫೋಟೋ

ಮುಚ್ಚಿಹೋಗುವ ಮುಂಚೆ ಎಲ್ಲದರ ಫೋಟೋ ತೆಗೆದಿಡು, ಪಕ್ಕದಲ್ಲಿ ಟೇಪು ಹಿಡಿದು ತೆಗಿ ಅಂತ ಮಾವ ಹೇಳಿದ್ದರು. ಹಾಗೆ ತೆಗೆದದ್ದು ಎಂಟುನೂರು ಚಿಲ್ಲರೆ ಇವೆ. ಗೋಡೆ ಕೊರೆದು ಪೈಪು ಹೂತದ್ದು, ಸಂಪಿನ ತಳದ ಕಂಬಿ, ಸಜ್ಜದ ಕಂಬಿ. ಮಗಳು ನೋಡಿ, "ಅಮ್ಮ, ನಿನ್ನ ಫೋನಲ್ಲಿ ನನ್ನ ಫೋಟೋಗಿಂತ ಗೋಡೆ ಫೋಟೋ ಜಾಸ್ತಿ" ಅಂತ ಮುನಿಸಿಕೊಂಡಿದ್ದಾಳೆ.

ಹೋದ ವಾರ ವಾಟರ್ ಫಿಲ್ಟರ್ ಹಾಕಲು ಒಬ್ಬ ಹುಡುಗ ಬಂದಿದ್ದ. ಡ್ರಿಲ್ಲಿಂಗ್ ಮೆಷಿನ್ ಗೋಡೆಗೆ ಇಟ್ಟಾಗಿತ್ತು. ತಡಿಯಪ್ಪ ಅಂತ ಹೇಳಿ ಅಡುಗೆಮನೆ ಗೋಡೆಯ ಫೋಟೋ ಹುಡುಕಿದೆ. ಪ್ಲಾಸ್ಟರ್ ಆಗುವ ಮುಂಚಿನದು. ಅವನು ತೂತು ಹಾಕಲು ಹೊರಟ ಜಾಗಕ್ಕೆ ಸರಿಯಾಗಿ ಬಿಸಿನೀರಿನ ಪೈಪು ಮೇಲಕ್ಕೆ ಹೋಗಿತ್ತು. ಮೂಲೆಯಿಂದ ಟೇಪು ಹಿಡಿದು ತೆಗೆದ ಫೋಟೋ, ಒಂದು ಅಡಿ ಏಳಿಂಚು ಅಂತ ನಿಚ್ಚಳವಾಗಿ ಕಾಣುತ್ತಿತ್ತು. ಹುಡುಗ ನಾಲ್ಕಿಂಚು ಎಡಕ್ಕೆ ಸರಿದು ತೂತು ಹಾಕಿದ.

ಅವನು ಹೋದ ಮೇಲೆ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಟೇಪಿನ ಪೆಟ್ಟಿಗೆಯ ಕಡೆ ಎಲೆಕ್ಟ್ರಿಷಿಯನ್ ಹುಡುಗನ ಕೈ, ಕೆಂಪು ದಾರ. ಇನ್ನೊಂದು ಕಡೆ, ಮೂಲೆಯಲ್ಲಿ, ಸೊನ್ನೆಯ ತುದಿಯನ್ನು ಗೋಡೆಗೆ ಒತ್ತಿ ಹಿಡಿದ ಒಂದು ಹೆಬ್ಬೆರಳು. ಸಿಮೆಂಟಿಗೆ ಉಗುರು ಸೀಳಿತ್ತು. ಹೆಗಲಿಂದ ಜಾರಿದ ಟವೆಲಿನ ಅಂಚು ಫೋಟೋದೊಳಗೆ ಬಂದಿತ್ತು. ಮೇಸ್ತ್ರಿಯದು.